ಕ್ಲಚ್ ಬಿಟ್ಟವನು ಅವನಲ್ಲ

ಬಸ್ತ್ಯಾಂವ್ ಅಂದು ಕ್ಲಚ್ ಬಿಟ್ಟಿರಲಿಲ್ಲ. ಬಿಟ್ಟ ಎಂದು ಜನರ ಮುಂದೆ ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು — ಎಲ್ಲೋ ಒಂದು ಅನುಮಾನವಿತ್ತು ಅಂತಲ್ಲ, ಮುರಿದ ಗೇರನ್ನು ಅಂಗೈಯಲ್ಲಿ ಹಿಡಿದು ನೋಡಿದವನಿಗೆ ಗೊತ್ತಿರುವಷ್ಟು ಗೊತ್ತಿತ್ತು. ನಾಲ್ಕೂ ಗಾಲಿ ಎಳೆಯುತ್ತವೆ ಎಂದು ನಾನು ಅವನ ಕೈಗೆ ಕೊಟ್ಟ ಕಾರಿನಲ್ಲಿ ಹಿಂದಿನ ಎರಡು ಗಾಲಿಗಳಿಗೆ ಇಂಜಿನ್ನಿನ ಸಂಬಂಧವೇ ಇರಲಿಲ್ಲ. ಅದನ್ನು ನಂಬಿ ಅವನು ಮಳೆಯಲ್ಲಿ ಏರು ಹತ್ತಲು ಹೋದ. ಅವನ ಅಣ್ಣ ಸಿಮಾಂವ್ ಒಂದು ಕಾಲು ಕಳೆದುಕೊಂಡ. ತಪ್ಪು ತನ್ನದೇ ಎಂದು ನಂಬಿಕೊಂಡು ಬಸ್ತ್ಯಾಂವ್ ಇಷ್ಟು ವರ್ಷ ಬದುಕಿದ. ನಾನು ಬದುಕಲು ಬಿಟ್ಟೆ.

ಇದನ್ನು ಓದುವವರಿಗೆ ನಾನು ಯಾರೆಂದು ಹೇಳಬೇಕು. ದಾಂಡೇಲಿಯಲ್ಲಿ ಹಳಿಯಾಳ ರಸ್ತೆಯ ಮೇಲೆ ನನ್ನ ಗ್ಯಾರೇಜು. ಅಪ್ಪ ಧಾರವಾಡದ ಕಡೆಯಿಂದ ಕಾಗದ ಕಾರ್ಖಾನೆಯ ಕೆಲಸಕ್ಕೆ ಬಂದವರು. ನಾನು ಕಾರ್ಖಾನೆ ಒಲ್ಲೆನೆಂದು ಸ್ಪ್ಯಾನರ್ ಹಿಡಿದೆ. ಕೆಲಸ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಆದರೆ ನನ್ನ ಬಾಯಿ ಮೊದಲಿನಿಂದಲೂ ನನ್ನ ಕೈಗಿಂತ ಒಂದು ಮಾರು ಮುಂದೆ. ಎಲ್ಲರೂ ನನ್ನನ್ನು ಮಿಸ್ತ್ರಿ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮೈ ಸ್ವಲ್ಪ ಉಬ್ಬುತ್ತಿತ್ತು — ಈಗ ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಬಸ್ತ್ಯಾಂವ್ ಹಳಿಯಾಳ ತಾಲೂಕಿನ ಕಾಡಿನಂಚಿನ ಒಂದು ಸಿದ್ದಿ ಊರಿನವನು. ಊರಿನ ಹೆಸರು ಬರೆಯುವುದಿಲ್ಲ, ಆ ಊರಿಗೆ ನನ್ನಿಂದ ಆದದ್ದು ಸಾಕು. ಡಾಂಬರು ರಸ್ತೆ ಬಿಟ್ಟು ಕಾಡಿನೊಳಗೆ ಹೋದರೆ ಒಂದು ಮಣ್ಣಿನ ಇಳಿಜಾರು, ಅದರ ಬುಡದಲ್ಲಿ ಹಳ್ಳ, ಹಳ್ಳದಾಚೆ ಮನೆಗಳು. ಊರಿನಿಂದ ಹೊರಗೆ ಬರಬೇಕೆಂದರೆ ಅದೇ ಇಳಿಜಾರು ಏರಾಗುತ್ತದೆ. ಮಳೆಗಾಲದಲ್ಲಿ ಆ ಕೆಂಪು ಮಣ್ಣು ಸಾಬೂನು. ಬಸ್ಸು ಬರುವುದಿಲ್ಲ, ಅಂಬ್ಯುಲನ್ಸು ಡಾಂಬರಿನ ಮೇಲೆಯೇ ನಿಲ್ಲುತ್ತದೆ. ಊರಿಗೆಲ್ಲ ಇದ್ದದ್ದು ಬಸ್ತ್ಯಾಂವನ ಸಣ್ಣ ಕಾರು ಒಂದೇ, ಅದೂ ಎರಡನೇ ಕೈಯದು. ಬಸುರಿಯರು, ಜ್ವರದವರು, ಬಿದ್ದವರು, ಕುಡಿದು ಬಡಿದಾಡಿಕೊಂಡವರು — ಎಲ್ಲರೂ ಅದರಲ್ಲಿಯೇ.

ಮುಂದಿನ ಗಾಲಿಗಳಷ್ಟೇ ಎಳೆಯುವ ಕಾರು ಅದು. ಇಂಥ ಕಾರು ಜಾರುವ ಏರಿನಲ್ಲಿ ಮೂತಿ ಮೇಲೆ ಮಾಡಿ ಹತ್ತಿದರೆ ಭಾರವೆಲ್ಲ ಹಿಂದೆ ಸರಿದು, ಎಳೆಯಬೇಕಾದ ಮುಂದಿನ ಗಾಲಿಗಳೇ ಹಗುರಾಗಿ ಬರಿದೆ ಸುತ್ತತೊಡಗುತ್ತವೆ. ಅದಕ್ಕೆ ಬಸ್ತ್ಯಾಂವ್ ತನ್ನದೇ ದಾರಿ ಕಂಡುಕೊಂಡಿದ್ದ. ಹಳ್ಳ ದಾಟಿದ ಕೂಡಲೇ ಇದ್ದ ಸಮತಟ್ಟಿನಲ್ಲಿ ಕಾರು ತಿರುಗಿಸಿ, ರಿವರ್ಸ್ ಹಾಕಿ, ಇಡೀ ಏರನ್ನು ಹಿಂದೆ ಹಿಂದೆ ಹತ್ತುತ್ತಿದ್ದ. ಆಗ ಇಂಜಿನ್ನಿನ ಭಾರ ಎಳೆಯುವ ಗಾಲಿಗಳ ಮೇಲೆಯೇ ಬೀಳುತ್ತದೆ. ಕತ್ತು ತಿರುಗಿಸಿ, ಒಂದು ಕೈ ಸೀಟಿನ ಮೇಲೆ, ಒಂದು ಕೈ ಸ್ಟೇರಿಂಗಿನ ಮೇಲೆ ಇಟ್ಟುಕೊಂಡು ಅವನು ಮೇಲೆ ಬರುವುದನ್ನು ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ. ಊರಿನವರು ಅದಕ್ಕೆ ಉಲ್ಟಾ ಗಾಡಿ ಎಂದು ಹೆಸರಿಟ್ಟಿದ್ದರು, ಅಕ್ಕರೆಯಿಂದ.

ಮಳೆಗಾಲಕ್ಕೆ ಮುಂಚೆ ಅವನು ನನ್ನ ಹತ್ತಿರ ಬಂದು ಕೇಳಿದ್ದು ಏನು? ಹೊಸ ಟೈರು. ಅಷ್ಟೇ. ಒಳ್ಳೆಯ ಹಿಡಿತದ ಎರಡು ಟೈರು ಹಾಕಿ ಕಳಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನನಗೆ ಆಗ ಒಂದು ಹುಚ್ಚು ಹಿಡಿದಿತ್ತು. ಫೋನಿನಲ್ಲಿ ಪರದೇಶದವರು ಸಣ್ಣ ಕಾರುಗಳಿಗೆ ನಾಲ್ಕೂ ಗಾಲಿ ಎಳೆಯುವಂತೆ ಮಾಡುವುದನ್ನು ನೋಡಿ ನೋಡಿ — ಇವರಿಗೆ ಬರುವುದು ನನಗೆ ಬಾರದೇ ಎನ್ನಿಸಿತ್ತು. ಗ್ಯಾರೇಜಿನ ಹಿಂದೆ ಗುಜರಿಗೆ ಬಿದ್ದ ಒಂದು ಹಳೆಯ ವ್ಯಾನಿತ್ತು, ಹಿಂದಿನ ಗಾಲಿ ಎಳೆಯುವ ಜಾತಿಯದು. ಅದರ ಹಿಂದಿನ ಆಕ್ಸಲ್ಲು ಗಟ್ಟಿಮುಟ್ಟಾಗಿತ್ತು. ಅದನ್ನು ಯಾವುದಾದರೂ ಕಾರಿನ ಹೊಟ್ಟೆಗೆ ಕಟ್ಟಬೇಕೆಂದು ಕೈ ತುರಿಸುತ್ತಿತ್ತು. ಕಾರು ತಾನಾಗಿ ಬಂದು ಅಂಗಳದಲ್ಲಿ ನಿಂತಿತು.

"ಎಷ್ಟ ದಿನಾಂತ ಎಮ್ಮಿ ಸರದಂಗ ಹಿಂದ ಹಿಂದ ಹತ್ತತಿಯೋ ಬಸ್ತ್ಯಾ? ಗಂಡಸಿನಂಗ ಮಾರಿ ಮುಂದ ಮಾಡಿ ಹತ್ತು. ನಾ ಮಾಡಿ ಕೊಡ್ತೇನಿ," ಎಂದೆ. ಅವನು ನಕ್ಕ. ಬೇಡ ಎಂದ. ಆ ಮೇಲೆ ನಾನು ಅವನನ್ನು ಕೂರಿಸಿ ಫೋನು ತೋರಿಸಿದೆ, ಚಹಾ ಕುಡಿಸಿದೆ, ಮನಸ್ಸು ಕೆಡಿಸಿದೆ.

ಮಾಡಿದ್ದೇನೋ ನಿಜ. ನೆಲ ಕೊರೆದೆ, ಪೆಟ್ರೋಲ್ ಟ್ಯಾಂಕನ್ನು ಸರಿಸಿ ಡಿಕ್ಕಿಗೆ ತಂದೆ, ವ್ಯಾನಿನ ಆಕ್ಸಲ್ಲನ್ನು ಹಿಂದೆ ಕೂರಿಸಿ ಬೆಸುಗೆ ಹಾಕಿದೆ. ಮುಂದಿನ ಗೇರ್‌ಬಾಕ್ಸಿನಿಂದ ಶಕ್ತಿಯನ್ನು ಹಿಂದಕ್ಕೆ ತಿರುಗಿಸಲು ಒಂದು ಚಿಕ್ಕ ಪೆಟ್ಟಿಗೆ, ಅದರೊಳಗೆ ಹುಬ್ಬಳ್ಳಿಯ ಲೇಥಿನಲ್ಲಿ ಮಾಡಿಸಿ ತಂದ ಒಂದು ಗೇರು, ಅಲ್ಲಿಂದ ಹಿಂದಿನವರೆಗೆ ಉದ್ದನೆಯ ಶಾಫ್ಟು. ಡ್ರೈವರ್ ಸೀಟಿನ ಪಕ್ಕ ಒಂದು ಲಿವರು. ಜಗ್ಗಿದರೆ ಹಿಂದಿನ ಗಾಲಿಗಳೂ ಕೂಡಿಕೊಳ್ಳಬೇಕು, ಕೂಡಿಕೊಂಡವೆಂದು ತೋರಿಸಲು ಎದುರಿಗೆ ಒಂದು ಕೆಂಪು ದೀಪ ಹತ್ತಬೇಕು. ಮೊದಲ ದಿನ ಅಂಗಳದ ಕೆಸರಿನಲ್ಲಿ ನಾಲ್ಕೂ ಗಾಲಿ ಮಣ್ಣು ಎರಚಿದಾಗ ನಾನು ಅಕ್ಷರಶಃ ಕುಣಿದಿದ್ದೆ. ಹೆಂಡತಿ ಒಳಗಿನಿಂದ ಬಂದು, ಇವರಿಗೆ ಏನಾಯಿತು ಎಂದು ನೋಡಿ ಹೋದಳು.

ಮರುದಿನ ಕುಳಗಿಯ ಕಡೆ ಡಾಂಬರಿನ ಮೇಲೆ ಓಡಿಸಿ ನೋಡಿದೆ. ಅಲ್ಲಿ ಗೊತ್ತಾಯಿತು. ಮುಂದಿನ ಗಾಲಿ ಒಂದು ಲೆಕ್ಕದಲ್ಲಿ ಸುತ್ತಿದರೆ ವ್ಯಾನಿನ ಆಕ್ಸಲ್ಲು ಇನ್ನೊಂದು ಲೆಕ್ಕದಲ್ಲಿ ಸುತ್ತುತ್ತಿತ್ತು. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಡಾಂಬರಿನ ಮೇಲೆ ಮುಚ್ಚುವುದಿಲ್ಲ, ಮುಂದಿನದೂ ಹಿಂದಿನದೂ ಒಂದನ್ನೊಂದು ಜಗ್ಗಾಡುತ್ತವೆ. ಒಂದು ತಿರುವಿನಲ್ಲಿ ಕಟ್ ಎಂದು ಸದ್ದಾಯಿತು. ಪೆಟ್ಟಿಗೆ ಬಿಚ್ಚಿ ನೋಡಿದರೆ ಹುಬ್ಬಳ್ಳಿಯ ಗೇರಿನ ಹಲ್ಲುಗಳು ಉದುರಿ ತಳದಲ್ಲಿ ಬಿದ್ದಿದ್ದವು.

ಎರಡೂ ಕಡೆಯ ಲೆಕ್ಕ ಸರಿಹೊಂದಿಸದೆ ಕಾರನ್ನು ಅವನ ಕೈಗೆ ಕೊಡಬಾರದು ಎಂದು ಅಂದೇ ಗೊತ್ತಾಗಿತ್ತು. ಇದನ್ನು ಮೊದಲೇ ಅಳೆದು ನೋಡಬೇಕಿತ್ತು, ನೋಡಿರಲಿಲ್ಲ. ಮಾರನೆಯ ದಿನ ಬಸ್ತ್ಯಾಂವನ ಊರಿನಲ್ಲಿ ಗಾಡಿಯ ಪೂಜೆ. ಊರೆಲ್ಲ ಕೂಡುವುದಿತ್ತು, ಪಾದ್ರಿಗಳನ್ನು ಕರೆದಿದ್ದರು, ಅಡುಗೆಗೆ ಹೇಳಿದ್ದರು. ಒಂದು ಮಾತು — ಆಗಿಲ್ಲ ಬಸ್ತ್ಯಾ, ತಪ್ಪಾಗಿದೆ, ತಡೆ — ಇಷ್ಟು ಹೇಳಬೇಕಿತ್ತು. ಹೇಳಲಿಲ್ಲ. ಮುರಿದ ಗೇರು ತೆಗೆದು ಎಸೆದೆ. ಪೆಟ್ಟಿಗೆಯನ್ನು ಖಾಲಿಯಾಗಿಯೇ ಮುಚ್ಚಿದೆ. ಲಿವರಿನ ಬುಡಕ್ಕೆ ಒಂದು ಸ್ವಿಚ್ಚು ಕೂರಿಸಿ ದೀಪದ ವೈರನ್ನು ಅದಕ್ಕೆ ಕೊಟ್ಟೆ. ಈಗ ಲಿವರ್ ಜಗ್ಗಿದರೆ ದೀಪ ಹತ್ತುತ್ತಿತ್ತು. ಮತ್ತೇನೂ ಆಗುತ್ತಿರಲಿಲ್ಲ.

ಪೂಜೆಗೆ ನಾನೂ ಹೋದೆ. ಹೋಗದೆ ಇರಬಹುದಿತ್ತು, ಆದರೂ ಹೋದೆ. ಊರಿನ ಹಿಂದೂಗಳು ಗಾಲಿಗಳ ಅಡಿ ಲಿಂಬೆಹಣ್ಣು ಇಟ್ಟರು. ಎರಡು ಸಾಲದು, ನಾಲ್ಕೂ ಎಳೆಯುವ ಗಾಡಿ, ನಾಲ್ಕಕ್ಕೂ ಬೇಕು ಎಂದು ಒಬ್ಬಾಕೆ ಮತ್ತೆರಡು ತಂದಳು. ಪಾದ್ರಿಗಳು ಪವಿತ್ರ ಜಲ ಚಿಮುಕಿಸಿದರು. ಬಸ್ತ್ಯಾಂವನ ಅಣ್ಣ ಸಿಮಾಂವ್ ನನಗೆ ಕುರ್ಚಿ ಹಾಕಿಸಿ, ತಾನೇ ಎಳನೀರು ತಂದುಕೊಟ್ಟ. ಅವನು ಸುಲಭಕ್ಕೆ ಒಪ್ಪುವವನಲ್ಲ. "ಹಿಂದಿನ ಗಾಲೀಗೂ ಜೋರ ಹೋಗ್ತದ ಅನ್ನೂದ ಹೆಂಗ ತಿಳೀಬೇಕ್ರಿ ಮಿಸ್ತ್ರಿ?" ಎಂದು ಕೇಳಿದ. ನಾನು ಅವನನ್ನು ನೆಲದ ಮೇಲೆ ಬಗ್ಗಿಸಿ, ಕಾರನ್ನು ಮೆಲ್ಲಗೆ ಮುಂದಕ್ಕೆ ಬಿಡಲು ಬಸ್ತ್ಯಾಂವನಿಗೆ ಹೇಳಿದೆ. ಶಾಫ್ಟು ಸುತ್ತುತ್ತಿತ್ತು. ಸಿಮಾಂವ್ ನೋಡಿದ, ಇನ್ನೂ ಎಷ್ಟೋ ಜನ ಬಗ್ಗಿ ನೋಡಿದರು, ಖುಷಿಪಟ್ಟರು.

ಸುತ್ತದೆ ಏನು ಮಾಡುತ್ತದೆ? ಕಾರು ಉರುಳಿದರೆ ಹಿಂದಿನ ಗಾಲಿಗಳೂ ಉರುಳುತ್ತವೆ, ಅವು ತಮ್ಮ ಜೊತೆ ಶಾಫ್ಟನ್ನೂ ಸುತ್ತಿಸುತ್ತವೆ. ಶಾಫ್ಟು ಗಾಲಿಯನ್ನು ತಿರುಗಿಸುತ್ತಿರಲಿಲ್ಲ, ಗಾಲಿಯೇ ಶಾಫ್ಟನ್ನು ತಿರುಗಿಸುತ್ತಿತ್ತು. ಬಗ್ಗಿ ನೋಡುವವನ ಕಣ್ಣಿಗೆ ಎರಡೂ ಒಂದೇ. ಈ ಮೋಸ ಮೊದಲೇ ಯೋಚಿಸಿ ಮಾಡಿದ್ದಲ್ಲ. ಅವನು ಕೇಳಿದ ಆ ಕ್ಷಣಕ್ಕೆ ನನ್ನ ತಲೆಗೆ ಹೊಳೆಯಿತು, ಮತ್ತು — ಹೇಳಲು ನಾಚಿಕೆಯಾಗುತ್ತದೆ — ಹೊಳೆದದ್ದಕ್ಕೆ ಒಳಗೊಳಗೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಹೊರಡುವಾಗ ಬಸ್ತ್ಯಾಂವ್, ಮಳೆ ಹಿಡಿದಾಗ ರಿವರ್ಸಿನಲ್ಲಿಯೇ ಹತ್ತಲೋ ಎಂದು ಕೇಳಿದ. "ಇನ್ನ ಅದೆಲ್ಲ ಮರತಬಿಡು. ಲಿವರ್ ಜಗ್ಗು, ಸೀದಾ ಹತ್ತು," ಎಂದೆ.

ನಾನು ಮಾಡಿದ ತಪ್ಪುಗಳಲ್ಲಿ ಇದೇ ಎಲ್ಲಕ್ಕಿಂತ ಕೆಟ್ಟದ್ದು. ಖಾಲಿ ಪೆಟ್ಟಿಗೆ ಇದ್ದರೂ ಅವನು ತನ್ನ ರೂಢಿಯಂತೆ ಹಿಂದೆ ಹಿಂದೆ ಹತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಅವನಿಗೆ ಬರುತ್ತಿದ್ದುದನ್ನು ನಾನು ಬಿಡಿಸಿದೆ, ಬದಲಿಗೆ ಒಂದು ದೀಪ ಕೊಟ್ಟೆ. ಅಷ್ಟೇ ಅಲ್ಲ — ವ್ಯಾನಿನ ಆ ಭಾರದ ಆಕ್ಸಲ್ಲನ್ನೂ ಶಾಫ್ಟನ್ನೂ ಹಿಂದೆ ಹೇರಿದ್ದೆ, ಟ್ಯಾಂಕನ್ನೂ ಹಿಂದೆ ತಂದಿದ್ದೆ. ಮೂತಿ ಮೇಲೆ ಮಾಡಿದರೆ ಮುಂದಿನ ಗಾಲಿಗಳು ಮೊದಲಿಗಿಂತಲೂ ಹಗುರಾಗುತ್ತಿದ್ದವು. ಅಂದರೆ ಅವನು ನನಗೆ ಕೊಟ್ಟ ಕಾರಿಗಿಂತ ನಾನು ತಿರುಗಿ ಕೊಟ್ಟ ಕಾರು ಕೆಟ್ಟದಾಗಿತ್ತು.

ಸರಿಮಾಡುವ ಮನಸ್ಸು ಇರಲಿಲ್ಲವೇ? ಇತ್ತು, ನಾಳೆಗೆ ಇತ್ತು. ಮೊದಲ ಸಣ್ಣ ಮಳೆಗೆ ಅವನು ಫೋನು ಮಾಡಿ, ಲಿವರ್ ಜಗ್ಗಿದ ಕೂಡಲೇ ಹೇಗೆ ಎಳೆಯಿತು ಗೊತ್ತೇ ಎಂದು ಸಂಭ್ರಮದಿಂದ ಹೇಳಿದ. ಏನೂ ಎಳೆದಿರಲಿಲ್ಲ, ಮಣ್ಣು ಇನ್ನೂ ಗಟ್ಟಿಯಿತ್ತು, ಅವನಿಗೆ ನನ್ನ ಮೇಲೆ ಭರವಸೆಯಿತ್ತು. ಜನ ಗ್ಯಾರೇಜಿಗೆ ಬಂದು ನನ್ನ ಕೆಲಸದ ಬಗ್ಗೆ ಕೇಳಿ ಹೋಗುತ್ತಿದ್ದರು. ನಾನು ಹೊಗಳಿಕೆಯನ್ನು ನುಂಗುತ್ತ ಕೂತಿದ್ದೆ.

ಮಳೆ ಜೋರು ಹಿಡಿದ ಒಂದು ಮಧ್ಯಾಹ್ನ, ಗದ್ದೆಯ ಬದು ಸವರುತ್ತಿದ್ದ ಸಿಮಾಂವನ ಪಾದಕ್ಕೆ ಕೊಳಕುಮಂಡಲ ಹಾವು ಕಚ್ಚಿತು. ಬಸ್ತ್ಯಾಂವ್ ಅಣ್ಣನನ್ನೂ ಅತ್ತಿಗೆ ನತಾಲಿನಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಹಳ್ಳ ದಾಟಿ ಆ ಸಮತಟ್ಟಿಗೆ ಬಂದಾಗ ಕಾರು ನಿಲ್ಲಿಸಿದನಂತೆ. ಕೈ ತಾನಾಗಿ ರಿವರ್ಸಿಗೆ ಹೋಯಿತಂತೆ. ಆಮೇಲೆ ನನ್ನ ಮಾತು ನೆನಪಾಗಿ ಲಿವರ್ ಜಗ್ಗಿದ. ದೀಪ ಹತ್ತಿತು. ಕಾರು ಅರ್ಧ ಏರಿನವರೆಗೂ ಹೋಯಿತು. ಅಲ್ಲಿ ಮುಂದಿನ ಗಾಲಿಗಳು ಬರಿದೆ ಸುತ್ತಿದವು, ಕಾರು ಹಿಂದಕ್ಕೆ ಜಾರಿ ಪಕ್ಕದ ತಗ್ಗಿಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಾರು ಅಲ್ಲಾಡಲಿಲ್ಲ. ಊರಿಗೆ ಓಡಿ ಜನ ಕರೆತಂದು, ಕಂಬಳಿಯಲ್ಲಿ ಹೊತ್ತು, ಡಾಂಬರಿಗೆ ತಂದು, ದಾಂಡೇಲಿಯಿಂದ ಹುಬ್ಬಳ್ಳಿಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಜೀವ ಉಳಿಯಿತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದ ಕಾರು ನನ್ನ ಅಂಗಳದಲ್ಲಿ ನಿಂತಾಗ ಅದರ ಅಡಿಗೆ ಹೋಗಿ ನೋಡುವ ಅಗತ್ಯ ನನಗಿರಲಿಲ್ಲ. ಆದರೂ ಹೋಗಿ ಅಡಿಯಲ್ಲಿಯೇ ಬಹಳ ಹೊತ್ತು ಮಲಗಿದ್ದೆ, ಹೊರಗೆ ಬಂದರೆ ಯಾರ ಮುಖ ನೋಡಬೇಕಾಗುತ್ತದೋ ಎಂಬ ಹೆದರಿಕೆಗೆ. ಬಸ್ತ್ಯಾಂವ್ ಬಂದ. ಜೊತೆಗೆ ನತಾಲಿನ್, ಊರಿನ ಹಿರಿಯರು ಇಬ್ಬರು. ಬೈಯಲು ಬಂದವರಲ್ಲ ಅವರು. ಕೇಳಲು ಬಂದಿದ್ದರು.

"ಮಿಸ್ತ್ರಿ, ಖರೇ ಹೇಳ್ರಿ. ಲಿವರ್ ಜಗ್ಗಿದ್ದೆ, ದೀಪಾನೂ ಹತ್ತಿತ್ತು. ತಪ್ಪು ಗಾಡೀದೋ, ನಂದೋ?"

ದೇವರು ಇದಕ್ಕಿಂತ ಸುಲಭವಾದ ಪ್ರಶ್ನೆಯನ್ನು ನನಗೆ ಕೇಳಿಸಲಾರ. ಒಂದೇ ಶಬ್ದದ ಉತ್ತರ. ನತಾಲಿನಳ ಕಣ್ಣು ನನ್ನ ಮೇಲಿತ್ತು. ನಾನು ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ —

"ಗಾಡಿ ಬರೋಬ್ಬರಿ ಐತಿ, ಬಸ್ತ್ಯಾ. ಅರ್ಧ ಏರಿನ್ಯಾಗ ನೀ ಕ್ಲಚ್ ಬಿಟ್ಟಿ. ಒಡಹುಟ್ಟಿದಾಂವ, ಗಾಬರಿ ಆಗಿರ್ತದ. ಕಾಲ ನಡಗಿರ್ತಾವು."

ಏರಿನಲ್ಲಿ ಕ್ಲಚ್ಚಿನಿಂದ ಕಾಲು ತಟ್ಟನೆ ತೆಗೆದರೆ ಗಾಲಿ ಸುತ್ತಿ ಹಿಡಿತ ತಪ್ಪುತ್ತದೆ; ಡ್ರೈವರ್‌ಗಳಿಗೆಲ್ಲ ಗೊತ್ತಿರುವ ಮಾತು. ಅದಕ್ಕೇ ಆ ಸುಳ್ಳನ್ನು ಆರಿಸಿಕೊಂಡೆ. ಅದರ ಮೇಲೆ ಕನಿಕರ ಬೇರೆ ಸವರಿದೆ. ಬಸ್ತ್ಯಾಂವ್ ನನ್ನನ್ನು ಒಂದು ಗಳಿಗೆ ನೋಡಿ, "ಹಂಗಾದ್ರ ನಂದೇ," ಎಂದ. ನತಾಲಿನ್ ತಿರುಗಿ ನಡೆದುಹೋದಳು. ಅವನು ನನಗೆ ಕೈಮುಗಿದು ಹೋದ.

ಆ ದಿನವೇ ಪೆಟ್ಟಿಗೆ, ಶಾಫ್ಟು, ಆಕ್ಸಲ್ಲು ಎಲ್ಲ ಬಿಚ್ಚಿ ಗುಜರಿಗೆ ಹಾಕಿದೆ. ಪೆಟ್ಟು ತಿಂದು ಬಾಗಿವೆ, ಇನ್ನು ಪ್ರಯೋಜನವಿಲ್ಲ ಎಂದು ಅವನಿಗೆ ಹೇಳಿಕಳಿಸಿದೆ. ಅವನು ಕಾರು ಮಾರಿಬಿಟ್ಟ. ಸಿಮಾಂವ್ ಆಸ್ಪತ್ರೆಯಿಂದ ಬಂದ ಮೇಲೆ ತಮ್ಮನ ಜೊತೆ ಮಾತು ಬಿಟ್ಟ. ಒಂದೇ ಅಂಗಳದ ಎರಡು ಮನೆ, ಎದುರುಬದುರು ಬಾಗಿಲು. ಬಸ್ತ್ಯಾಂವ್ ಜೋಯಿಡಾ ಕಡೆ ಹೊಳೆ ದಂಡೆಯ ಒಂದು ಕ್ಯಾಂಪಿಗೆ ಕೆಲಸಕ್ಕೆ ಸೇರಿದ — ಪ್ರವಾಸಿಗರು ನೀರಿನಲ್ಲಿ ಆಡಿ ಬಿಟ್ಟ ರಬ್ಬರು ದೋಣಿಗಳನ್ನು ತೊಳೆದು ದಡಕ್ಕೆ ಎಳೆದು ಹಾಕುವ ಕೆಲಸ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ಇದೆಲ್ಲ ನನಗೆ ಗೊತ್ತಾಗುತ್ತಲೇ ಇತ್ತು. ನಾನು ಊಟ ಮಾಡಿದೆ, ಮಗಳ ಮದುವೆ ಮಾಡಿದೆ, ಗ್ಯಾರೇಜಿಗೆ ಹೊಸ ಬೋರ್ಡು ಹಾಕಿಸಿದೆ. ಆಗಾಗ ಸಂಕಟವಾಗುತ್ತಿತ್ತು ಎಂದು ಬರೆದರೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಂಡಂತಾಗುತ್ತದೆ. ಆಗುತ್ತಿತ್ತು, ಆದರೆ ನಿದ್ದೆ ಕೆಡುವಷ್ಟಲ್ಲ.

ಕಳೆದ ತಿಂಗಳು ಆ ಕ್ಯಾಂಪಿನ ಮಾಲೀಕರು ಜೀಪಿನ ಬ್ರೇಕು ಮಾಡಿಸಲು ಬಂದಿದ್ದರು. ಅವರ ಡ್ರೈವರ್ ಬಿಟ್ಟುಹೋಗಿದ್ದನಂತೆ. ನಮ್ಮಲ್ಲಿ ಬಸ್ತ್ಯಾಂವ್ ಅಂತ ಒಬ್ಬನಿದ್ದಾನೆ, ಮೊದಲು ಓಡಿಸುತ್ತಿದ್ದನಂತೆ, ನಿಮಗೆ ಗೊತ್ತಿರಬೇಕಲ್ಲ, ಹೇಗೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ನಕ್ಕು, "ಕ್ಲಚ್ ಬಿಟ್ಟ ಬಸ್ತ್ಯಾ ಅಂತಾರಂತಲ್ರೀ ಅವಂಗ?" ಎಂದರು.

ನನ್ನ ಮಾತು. ನನ್ನ ಅಂಗಳದಲ್ಲಿ ಹುಟ್ಟಿ, ಹಳಿಯಾಳ ಸುತ್ತಿ, ಜೋಯಿಡಾ ಮುಟ್ಟಿ, ಅವನ ಹೆಸರಿಗೆ ಅಂಟಿಕೊಂಡು ನನ್ನ ಬಾಗಿಲಿಗೇ ತಿರುಗಿ ಬಂದಿತ್ತು. ಆಗಲಾದರೂ ಹೇಳಿದೆನೇ? ಇಲ್ಲ. ನಾನೂ ನಕ್ಕೆ. ಸಣ್ಣದಾಗಿ, ಗಿರಾಕಿ ನಕ್ಕಾಗ ನಗುವ ಹಾಗೆ. ಜೀಪು ಹೋದ ಮೇಲೆ ಕೂತಲ್ಲೇ ಕೂತೆ. ಹಳೆಯ ಸುಳ್ಳನ್ನು ಹೆದರಿಕೆ ಎಂದಾದರೂ ಕರೆಯಬಹುದಿತ್ತು. ಈ ನಗುವಿಗೆ ಯಾವ ಹೆಸರಿತ್ತು? ಅಂದು ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಸಿಮಾಂವನ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಕೂತು ಬಿದಿರು ಸೀಳುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ — ಉದುರಿದ ಹಲ್ಲು, ಖಾಲಿ ಪೆಟ್ಟಿಗೆ, ದೀಪ, ಅವನನ್ನು ಬಗ್ಗಿಸಿ ತೋರಿಸಿದ ಶಾಫ್ಟು. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದರೆ ಹಗುರಾದೀತೆಂಬ ಲೆಕ್ಕವೂ ಇತ್ತು, ಸುಳ್ಳೇಕೆ. ನತಾಲಿನ್ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸಿಮಾಂವ್ ಕತ್ತಿ ಕೆಳಗಿಟ್ಟ. ಅದುವರೆಗೆ ನನಗೆ ಯಾವತ್ತೂ ಬಹುವಚನ ಬಿಟ್ಟು ಮಾತಾಡಿದವನಲ್ಲ.

"ಬಸ್ತ್ಯಾಗ ಹೇಳೀಯೇನ ಇದನ್ನ?"

ಇಲ್ಲ ಎಂದೆ.

"ಕಾಲ ಹೋತು, ನಾ ಕೋಲ ಹಿಡದೆ. ಅಂವ ಇಷ್ಟ ವರ್ಷ ನನ್ನ ಮುಂದ ತಲಿ ಎತ್ತಿಲ್ಲ. ನಾನೂ ಎತ್ತಗೊಟ್ಟಿಲ್ಲ. ಮೊದಲ ಅಲ್ಲಿಗೆ ಹೋಗಬೇಕಾಗಿತ್ತು ನೀ." ಮತ್ತೆ ಅವನಾಡಿದ್ದು ಒಂದೇ ಮಾತು: "ನಡೀ."

ಕೋಲನ್ನು ಅಡ್ಡ ಹಿಡಿದು ನನ್ನ ಸ್ಕೂಟರಿನ ಹಿಂದೆ ಕೂತ. ಕಾಡಿನ ರಸ್ತೆ ಹಿಡಿದು ಜೋಯಿಡಾ ಕಡೆ ಹೋದೆವು. ಕ್ಯಾಂಪಿನಲ್ಲಿ ಬಸ್ತ್ಯಾಂವ್ ದೋಣಿಯೊಂದನ್ನು ಬೋರಲು ಹಾಕಿ ಉಜ್ಜುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ಅಣ್ಣ ಕೋಲೂರಿ ಬರುವುದನ್ನು ಕಂಡು ಎದ್ದು ನಿಂತ, ಏನೋ ಕೆಟ್ಟ ಸುದ್ದಿ ಇದೆ ಎಂಬಂತೆ. ಮಾಲೀಕರು ಕಚೇರಿಯ ಬಾಗಿಲಲ್ಲೇ ಇದ್ದರು. ಅವರನ್ನೂ ಕರೆದು ನಿಲ್ಲಿಸಿಕೊಂಡು ಹೇಳಿದೆ. ಜನರ ಮುಂದೆ ಹೊರಿಸಿದ್ದನ್ನು ಜನರ ಮುಂದೆಯೇ ಇಳಿಸಬೇಕಲ್ಲ.

ನನ್ನ ಮಾತು ಮುಗಿದ ಮೇಲೆ ಬಸ್ತ್ಯಾಂವ್ ಕೇಳಿದ, "ಹಂಗಾದ್ರ ನಾ ಕ್ಲಚ್ ಬಿಟ್ಟಿದ್ದಿಲ್ಲ?"

"ಇಲ್ಲೋ ಬಸ್ತ್ಯಾ. ಬಿಟ್ಟಿದ್ದಿಲ್ಲ."

"ನನ್ನ ಕಾಲ ನನಗ ಹೇಳತಿತ್ರಿ ಮಿಸ್ತ್ರಿ, ಬಿಟ್ಟಿಲ್ಲ ಅಂತ. ದಿನಾ ಹೇಳತಿತ್ತು. ನಾ ಅದರ ಮಾತ ಕೇಳಲಿಲ್ಲ. ನೀವು ಹೇಳೀರಿ ಅಂದಮ್ಯಾಲ ನೀವ ಖರೇ ಅಂದ್ಕೊಂಡೆ."

ಇಷ್ಟಾದರೂ 'ರೀ' ಬಿಟ್ಟಿರಲಿಲ್ಲ. ಸಿಮಾಂವ್ ತಮ್ಮನ ಹೆಗಲ ಮೇಲೆ ಕೈ ಹಾಕಿದ — ಸಂತೈಸಲೋ, ಕೋಲು ಜಾರಿತೋ, ನನಗೆ ತಿಳಿಯಲಿಲ್ಲ. ಕೈ ಅಲ್ಲಿಯೇ ಇತ್ತು. ಬಸ್ತ್ಯಾಂವ್ ನನ್ನ ಕಡೆ ನೋಡದೆ ಹೇಳಿದ, "ನೀವ ಹೋಗ್ರಿ. ಅಣ್ಣನ್ನ ನಾ ಮನೀಗೆ ಬಿಡ್ತೇನಿ." ಮಾಲೀಕರು ಒಳಗೆ ಹೋಗಿ ಜೀಪಿನ ಕೀಲಿ ತಂದು ಅವನ ಕೈಗೆ ಕೊಟ್ಟರು.

ನಾನು ಕ್ಷಮೆ ಕೇಳಲಿಲ್ಲ. ಬಾಯಿಯವರೆಗೆ ಬಂದಿತ್ತು, ತಡೆದುಕೊಂಡೆ. ಕೇಳಿದ್ದರೆ ಅವನು ಕೊಟ್ಟುಬಿಡುತ್ತಿದ್ದ.